ಅಂಗಿ ತೋಳು ಮಡಚಿ ನೋಡಿ: ನಮ್ಮ ಮೈಯಲ್ಲಿ ಉಳಿದಿರುವ ಅವಶೇಷಾಂಗಗಳು ಏನು ಹೇಳುತ್ತವೆ?

2023ರ ಏಪ್ರಿಲ್‌ನಲ್ಲಿ ಒಂದು ಸುದ್ದಿ ದೇಶದ ತುಂಬಾ ಚರ್ಚೆಯಾಯಿತು. ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ವಿಕಾಸ’ ಅಂತ ಒಂದು ಪಾಠ ಇತ್ತು. ಅದರಿಂದ ವಿಕಾಸದ ಭಾಗ ಹೊರಹೋಗಿ ಬರೀ ‘ಅನುವಂಶೀಯತೆ’ ಉಳಿಯಿತು. ಕೋವಿಡ್ ಸಮಯದಲ್ಲಿ ಮಕ್ಕಳ ಹೊರೆ ಕಡಿಮೆ ಮಾಡಲು ಅಂತ ಕೈಬಿಟ್ಟಿದ್ದು ಆಮೇಲೆ ಕಾಯಂ ಆಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಮೇಷ್ಟ್ರುಗಳು, ವಿಜ್ಞಾನಾಸಕ್ತರು ಪಾಠ ವಾಪಸ್ ತನ್ನಿ ಅಂತ ಬಹಿರಂಗ ಪತ್ರ ಬರೆದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ವಿಕಾಸದ ಪಾಠ ಇದೆ, ನಿಜ. ಆದರೆ ಹತ್ತರ ನಂತರ ಕಾಮರ್ಸ್, ಆರ್ಟ್ಸ್, ಐಟಿಐ ಅಂತ ಹೋಗುವ ಮಕ್ಕಳು ಅಲ್ಲಿಯವರೆಗೆ ಬರುವುದೇ ಇಲ್ಲ.

ಆಗ ಎದ್ದ ಪ್ರಶ್ನೆಯನ್ನು ಈಗಲೂ ಬಹಳ ಜನ ಕೇಳುತ್ತಾರೆ. ಮನುಷ್ಯ ಬೇರೆ ಪ್ರಾಣಿಗಳಿಂದ ವಿಕಾಸವಾಗಿ ಬಂದ ಅನ್ನೋದಕ್ಕೆ ಪುರಾವೆ ಎಲ್ಲಿದೆ? ಪುರಾವೆ ಅಂದ ಕೂಡಲೇ ನೆನಪಾಗುವುದು ಆಫ್ರಿಕಾದಲ್ಲಿ ಸಿಕ್ಕ ಪಳೆಯುಳಿಕೆಗಳು, ಮ್ಯೂಸಿಯಮ್ಮಿನ ತಲೆಬುರುಡೆಗಳು. ಅವೆಲ್ಲ ನಮ್ಮಿಂದ ದೂರ. ಆದರೆ ಪುರಾವೆಯ ಒಂದು ದೊಡ್ಡ ಪಾಲು ನಾವು ದಿನಾ ಸ್ನಾನ ಮಾಡಿಸಿ, ಉಣಿಸಿ, ಮಲಗಿಸುವ ಈ ಮೈಯಲ್ಲೇ ಇದೆ.

ಮೊದಲು ನಿಮ್ಮ ಮಣಿಕಟ್ಟು

ಅಂಗೈ ಮೇಲೆ ಬರುವಂತೆ ಕೈಯನ್ನು ಮೇಜಿನ ಮೇಲಿಡಿ. ಹೆಬ್ಬೆರಳ ತುದಿಯನ್ನು ಕಿರುಬೆರಳ ತುದಿಗೆ ಒತ್ತಿ. ಹಾಗೇ ಹಿಡಿದುಕೊಂಡು ಮಣಿಕಟ್ಟನ್ನು ಸ್ವಲ್ಪ ನಿಮ್ಮ ಕಡೆಗೆ ಬಗ್ಗಿಸಿ. ನಟ್ಟನಡುವೆ ಚರ್ಮವನ್ನು ಎತ್ತಿಕೊಂಡು ಒಂದು ಎಳೆ ಉಬ್ಬಿ ನಿಂತಿತಾ?

ಮಾತಿನಲ್ಲಿ ನಾವು ಅದನ್ನು ‘ನರ’ ಅಂತ ಕರೆಯುತ್ತೇವೆ. ನಿಜಕ್ಕೂ ಅದು ಸ್ನಾಯುವಿನ ತುದಿಯಲ್ಲಿರುವ ಗಟ್ಟಿ ದಾರ. ಆ ಸ್ನಾಯುವಿನ ಹೆಸರು ಪಾಲ್ಮಾರಿಸ್ ಲಾಂಗಸ್. ಮೊಣಕೈ ಹತ್ತಿರ ಶುರುವಾಗಿ, ಅಂಗೈ ಚರ್ಮದ ಕೆಳಗಿನ ಗಟ್ಟಿ ಪದರಕ್ಕೆ ಬಂದು ಸೇರುತ್ತದೆ.

ನಿಮಗೆ ಕಾಣಲಿಲ್ಲವಾ? ಗಾಬರಿಯಾಗಬೇಡಿ. ಸುಮಾರು 100ರಲ್ಲಿ 15 ಜನರಿಗೆ ಒಂದು ಕೈಯಲ್ಲೋ ಎರಡೂ ಕೈಯಲ್ಲೋ ಇದು ಇರುವುದೇ ಇಲ್ಲ. ಈ ಲೆಕ್ಕ ಒಂದೊಂದು ಜನಾಂಗದಲ್ಲಿ ಒಂದೊಂದು ತರ ಇದೆ. ಇದ್ದವರ ಮುಷ್ಟಿಗೂ ಇಲ್ಲದವರ ಮುಷ್ಟಿಗೂ ಬಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಅದಕ್ಕೇ ಕೈಯಲ್ಲಿ ಬೇರೆ ಮುಖ್ಯ ಎಳೆ ತುಂಡಾದಾಗ ಶಸ್ತ್ರವೈದ್ಯರು ಇದನ್ನು ತೆಗೆದು ಅಲ್ಲಿಗೆ ಜೋಡಿಸುತ್ತಾರೆ. ತೆಗೆದ ಜಾಗದಲ್ಲಿ ರೋಗಿಗೆ ಏನೂ ಕಮ್ಮಿಯಾದ ಹಾಗೆ ಅನಿಸುವುದಿಲ್ಲ.

ಬೇಡದ ಸ್ನಾಯು ಮತ್ತೆ ಯಾಕಿದೆ? ಮರದ ಮೇಲೇ ಬದುಕುವ ಒರಾಂಗುಟಾನ್‌ಗಳಲ್ಲಿ ಇದು ಚೆನ್ನಾಗಿ ಬೆಳೆದಿರುತ್ತದೆ. ನೆಲದ ಮೇಲೆ ಜಾಸ್ತಿ ಓಡಾಡುವ ಗೊರಿಲ್ಲಾ, ಚಿಂಪಾಂಜಿಗಳಲ್ಲಿ ಕೆಲವಕ್ಕೆ ಇದೆ, ಕೆಲವಕ್ಕೆ ಇಲ್ಲ. ನಾವೂ ಅದೇ ಸಾಲಿನಲ್ಲಿದ್ದೇವೆ.

ಅವಶೇಷಾಂಗ ಅಂದರೆ ಏನು?

ಪೂರ್ವಜರಲ್ಲಿ ಒಂದು ಕೆಲಸಕ್ಕಾಗಿ ಬೆಳೆದು, ಆ ಮೂಲ ಕೆಲಸವನ್ನು ಬಹುಪಾಲು ಕಳೆದುಕೊಂಡು, ಈಗ ಕುಗ್ಗಿದ ರೂಪದಲ್ಲಿ ಉಳಿದಿರುವ ಅಂಗವೇ ಅವಶೇಷಾಂಗ. ಈ ವಿವರಣೆಯಲ್ಲಿ ‘ಉಪಯೋಗವೇ ಇಲ್ಲ’ ಅನ್ನುವ ಮಾತು ಇಲ್ಲ ಅನ್ನೋದನ್ನು ಗಮನಿಸಿ. ಈ ವಿಷಯದ ಮುಕ್ಕಾಲು ಗೊಂದಲ ಹುಟ್ಟುವುದು ಇಲ್ಲೇ.

ಹಳ್ಳಿಯ ಹಳೇ ಮನೆಗಳನ್ನು ನೆನೆಸಿಕೊಳ್ಳಿ. ಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಗೋಡೆಗೆ ಒತ್ತಿಕೊಂಡು ಮೇವು ಹಾಕುವ ಗೋದಲಿ. ಈಗ ದನ ಇಲ್ಲ. ಗೋದಲಿಯಲ್ಲಿ ಚಪ್ಪಲಿ, ಹಳೇ ಪೇಪರು, ಮಕ್ಕಳ ಬ್ಯಾಟು ಇಟ್ಟಿರುತ್ತಾರೆ. ಗೋದಲಿ ಉಪಯೋಗಕ್ಕೆ ಬರುತ್ತಿದೆ ಅಲ್ವಾ? ಖಂಡಿತ. ಆದರೆ ಚಪ್ಪಲಿ ಇಡಲೆಂದೇ ಯಾರೂ ಮೊಣಕಾಲೆತ್ತರದ ಕಲ್ಲಿನ ತೊಟ್ಟಿ ಕಟ್ಟುವುದಿಲ್ಲ, ಪಕ್ಕದಲ್ಲಿ ಹಗ್ಗ ಕಟ್ಟಲು ಗೂಟ ನೆಡುವುದಿಲ್ಲ. ಅದರ ಆಕಾರ ಅರ್ಥವಾಗಬೇಕಾದರೆ ಆ ಮನೆಯಲ್ಲಿ ಒಂದು ಕಾಲಕ್ಕೆ ದನ ಇದ್ದವು ಅಂತ ತಿಳಿಯಬೇಕು.

ಅವಶೇಷಾಂಗ ಪುರಾವೆಯಾಗುವುದು ಹೀಗೆ. ‘ಇದು ಕೆಲಸಕ್ಕೆ ಬಾರದ್ದು’ ಅನ್ನುವುದು ವಾದ ಅಲ್ಲ. ‘ಇದು ಈ ಆಕಾರದಲ್ಲಿ, ಈ ಜಾಗದಲ್ಲಿ ಯಾಕಿದೆ’ ಅನ್ನುವ ಪ್ರಶ್ನೆಗೆ ಹಿಂದಿನ ಕಥೆ ಬಿಟ್ಟರೆ ಬೇರೆ ಒಳ್ಳೆ ಉತ್ತರ ಸಿಗುವುದಿಲ್ಲ ಅನ್ನುವುದು ವಾದ.

ಹೆಬ್ಬಾವನ್ನೇ ನೋಡಿ. ಅದರ ಹೊಟ್ಟೆಯ ಕೆಳಗೆ, ಬಾಲ ಶುರುವಾಗುವ ಕಡೆ, ಎರಡೂ ಪಕ್ಕ ಒಂದೊಂದು ಚಿಕ್ಕ ಉಗುರಿನಂಥ ಮುಳ್ಳು ಇರುತ್ತದೆ. ಒಳಗೆ ಸೊಂಟದ ಮೂಳೆಯ, ತೊಡೆಮೂಳೆಯ ಚೂರುಗಳಿವೆ. ಗಂಡು ಹಾವು ಕೂಡುವ ಸಮಯದಲ್ಲಿ ಹೆಣ್ಣಿನ ಮೈ ಕೆರೆಯಲು ಇದನ್ನು ಬಳಸುತ್ತದೆ. ಅಂದರೆ ಉಪಯೋಗ ಇದೆ. ಆದರೂ ಅದು ಹಿಂಗಾಲಿನ ಉಳಿಕೆ. ಕಾಲಿದ್ದ ಪೂರ್ವಜ ಇರದಿದ್ದರೆ ಹಾವಿನ ಮೈಯಲ್ಲಿ ತೊಡೆಮೂಳೆಗೆ ಏನು ಕೆಲಸ?

ಕಿವಿ ಈಗಲೂ ಪ್ರಯತ್ನ ಬಿಟ್ಟಿಲ್ಲ

ಮಲಗಿದ ಬೆಕ್ಕಿನ ಹಿಂದೆ ಮೆಲ್ಲಗೆ ಒಂದು ಚಮಚ ತಟ್ಟಿ. ಬೆಕ್ಕು ಕಣ್ಣು ಬಿಡುವ ಮೊದಲೇ ಅದರ ಕಿವಿ ಸದ್ದಿನ ಕಡೆ ತಿರುಗಿರುತ್ತದೆ. ದನ, ನಾಯಿ, ಕುದುರೆ ಎಲ್ಲವೂ ಹೀಗೆ ಮಾಡುತ್ತವೆ. ಕಿವಿಯನ್ನು ಹಿಂದೆ, ಮುಂದೆ, ಮೇಲೆ ಎಳೆಯುವ ಸ್ನಾಯುಗಳು ಅವಕ್ಕಿವೆ.

ನಮಗೂ ಇವೆ! ಪ್ರತಿ ಕಿವಿಯ ಸುತ್ತ ಮೂರು: ಒಂದು ಮುಂದೆ, ಒಂದು ಮೇಲೆ, ಒಂದು ಹಿಂದೆ. ಎಷ್ಟು ತೆಳ್ಳಗಿವೆ ಅಂದರೆ ಬಹಳ ಜನರಿಗೆ ಅವನ್ನು ಬೇಕೆಂದಾಗ ಅಲ್ಲಾಡಿಸಲೂ ಆಗುವುದಿಲ್ಲ. ಕ್ಲಾಸಿಗೊಬ್ಬ ಹುಡುಗ ಕಿವಿ ಕುಣಿಸಿ ಎಲ್ಲರನ್ನೂ ನಗಿಸುತ್ತಿದ್ದನಲ್ಲ, ಅವನು ಬಳಸುತ್ತಿದ್ದದ್ದು ಇವನ್ನೇ.

2020ರಲ್ಲಿ ಜರ್ಮನಿಯ ಸಾರ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಜನರ ಕಿವಿಯ ಸುತ್ತಲಿನ ಚರ್ಮಕ್ಕೆ ವಿದ್ಯುತ್ ಅಳೆಯುವ ತಂತಿ ಅಂಟಿಸಿ ಕೂರಿಸಿದರು. ಸದ್ದು ಎಡದಿಂದ ಬಂದರೆ ಎಡಗಿವಿಯ ಸ್ನಾಯುಗಳು, ಬಲದಿಂದ ಬಂದರೆ ಬಲಗಿವಿಯವು ಜಾಸ್ತಿ ಚುರುಕಾದವು. ಕಿವಿ ಮಾತ್ರ ಕಣ್ಣಿಗೆ ಕಾಣುವಷ್ಟು ತಿರುಗಲಿಲ್ಲ. ಮೆದುಳು ಆಜ್ಞೆ ಕಳಿಸುತ್ತಿದೆ, ಸ್ನಾಯು ಕೇಳಿಸಿಕೊಳ್ಳುತ್ತಿದೆ, ಎಳೆಯುವ ಶಕ್ತಿ ಮಾತ್ರ ಇಲ್ಲ. ಅವಶೇಷಾಂಗಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಗೊತ್ತಿಲ್ಲ.

ಕಿವಿಯ ಮೇಲಂಚನ್ನೂ ಒಮ್ಮೆ ಸವರಿ ನೋಡಿ. ಕೆಲವರಿಗೆ ಒಳಮಡಿಕೆಯಲ್ಲಿ ಚಿಕ್ಕದೊಂದು ಗಂಟು ಸಿಗುತ್ತದೆ. ಇದನ್ನು ಚಾರ್ಲ್ಸ್ ಡಾರ್ವಿನ್ನನಿಗೆ ತೋರಿಸಿಕೊಟ್ಟವನು ಥಾಮಸ್ ವೂಲ್ನರ್ ಎಂಬ ಶಿಲ್ಪಿ. ಕೆಲವು ಮಂಗಗಳಲ್ಲಿರುವಂಥ ಚೂಪು ಕಿವಿಯ ತುದಿ ನಮ್ಮಲ್ಲಿ ಒಳಕ್ಕೆ ಮಡಚಿಕೊಂಡು ಹೀಗಾಗಿದೆ ಅಂತ ಡಾರ್ವಿನ್ 1871ರ ತನ್ನ ಪುಸ್ತಕದಲ್ಲಿ ವಿವರಿಸಿದ.

ಕಣ್ಣಿನಲ್ಲೂ ಒಂದು ಗುರುತಿದೆ. ಕೋಳಿಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ರೆಪ್ಪೆಯಲ್ಲದೆ ತೆಳು ಬಿಳಿ ಪೊರೆಯೊಂದು ಮೂಗಿನ ಕಡೆಯಿಂದ ಬಂದು ಕಣ್ಣನ್ನು ಒರೆಸಿ ಹೋಗುತ್ತದೆ. ನಮ್ಮ ಕಣ್ಣಿನ ಒಳಮೂಲೆಯಲ್ಲಿ, ಕೆಂಪು ಗಡ್ಡೆಯ ಪಕ್ಕ, ಒಂದು ಗುಲಾಬಿ ಮಡಿಕೆ ಇದೆ. ಅದೇ ಮೂರನೇ ರೆಪ್ಪೆಯ ಉಳಿಕೆ.

ಮೈಮೇಲೆ ಮುಳ್ಳು ಏಳುವುದು

ಚಳಿಯಾದಾಗ, ಹೆದರಿದಾಗ, ಒಳ್ಳೆಯ ಹಾಡು ಕೇಳಿದಾಗ ಮೈ ಜುಮ್ಮೆಂದು ಕೂದಲು ನೆಟ್ಟಗಾಗುತ್ತದೆ. ಪ್ರತಿ ಕೂದಲಿನ ಬುಡಕ್ಕೂ ಒಂದು ಪುಟ್ಟ ಸ್ನಾಯು ಅಂಟಿಕೊಂಡಿದೆ. ಅದು ಬಿಗಿದಾಗ ಕೂದಲು ಏಳುತ್ತದೆ, ಸುತ್ತಲಿನ ಚರ್ಮ ಗುಳ್ಳೆಯಾಗುತ್ತದೆ.

ದಟ್ಟ ಕೂದಲಿರುವ ಪ್ರಾಣಿಗೆ ಇದರಿಂದ ಎರಡು ಲಾಭ. ಎದ್ದ ಕೂದಲಿನ ನಡುವೆ ಗಾಳಿ ಸಿಕ್ಕಿಕೊಂಡು ಮೈ ಬೆಚ್ಚಗಿರುತ್ತದೆ. ಇನ್ನೊಂದು, ಶತ್ರುವಿನ ಎದುರು ಮೈ ದೊಡ್ಡದಾಗಿ ಕಾಣುತ್ತದೆ. ನಾಯಿ ಎದುರಾದಾಗ ಬೆಕ್ಕು ಬಾಲ ಉಬ್ಬಿಸಿ ನಿಲ್ಲುವುದು ಇದಕ್ಕೇ. ನಮ್ಮ ಮೈಯ ಕೂದಲು ಅಷ್ಟು ತೆಳುವಾಗಿದೆ, ಎದ್ದರೂ ಬೆಚ್ಚಗಾಗುವುದಿಲ್ಲ, ಯಾರೂ ಹೆದರುವುದೂ ಇಲ್ಲ. ಆದರೂ ಚಳಿಗೂ ಭಯಕ್ಕೂ ನಮ್ಮ ಮೈ ಒಂದೇ ತರ ಸ್ಪಂದಿಸುತ್ತದೆ.

ಹಾಗಂತ ಆ ಪುಟ್ಟ ಸ್ನಾಯುವನ್ನು ಕಡೆಗಣಿಸುವಂತಿಲ್ಲ. 2020ರಲ್ಲಿ ಇಲಿಗಳ ಮೇಲೆ ನಡೆದ ಒಂದು ಸಂಶೋಧನೆ, ಈ ಸ್ನಾಯುವಿನ ಆಸರೆಯಿಂದಲೇ ನರದ ತುದಿ ಕೂದಲಿನ ಮೂಲಕೋಶಗಳನ್ನು ಮುಟ್ಟುತ್ತದೆ, ಚಳಿ ಬಹಳ ದಿನ ಇದ್ದರೆ ಹೊಸ ಕೂದಲು ಹುಟ್ಟಲು ಸೂಚನೆ ಕೊಡುತ್ತದೆ ಅಂತ ತೋರಿಸಿತು. ಗೋದಲಿಯಲ್ಲಿ ಚಪ್ಪಲಿ ಇರುವ ಹಾಗೆ ಇದೂ.

ಕೂಸಿನ ಹಿಡಿತ

ಆಗಷ್ಟೇ ಹುಟ್ಟಿದ ಮಗುವಿನ ಅಂಗೈಗೆ ನಿಮ್ಮ ಬೆರಳು ಕೊಡಿ. ಬಿಡಿಸಿಕೊಳ್ಳಲು ಕಷ್ಟವಾಗುವಷ್ಟು ಗಟ್ಟಿಯಾಗಿ ಹಿಡಿಯುತ್ತದೆ. ಪಾದದ ಕೆಳಗೆ ಒತ್ತಿದರೆ ಕಾಲ್ಬೆರಳುಗಳೂ ಮಡಚುತ್ತವೆ. ಕೆಲವೇ ತಿಂಗಳಲ್ಲಿ ಕೈಯ ಈ ತನ್ನಷ್ಟಕ್ಕೇ ಆಗುವ ಹಿಡಿತ ಹೋಗಿಬಿಡುತ್ತದೆ. 1891ರಲ್ಲಿ ಲೂಯಿ ರಾಬಿನ್ಸನ್ ಎಂಬ ಇಂಗ್ಲಿಷ್ ವೈದ್ಯ ಹಸುಗೂಸುಗಳು ಕೋಲು ಹಿಡಿದು ತಮ್ಮ ಮೈಭಾರವನ್ನೇ ಸ್ವಲ್ಪ ಹೊತ್ತು ಹೊರಬಲ್ಲವು ಅಂತ ದಾಖಲಿಸಿದ. ಈ ಪರೀಕ್ಷೆ ಮಾತ್ರ ದಯವಿಟ್ಟು ಯಾರೂ ಮನೆಯಲ್ಲಿ ಮಾಡಬೇಡಿ.

ಮಂಗ ಒಂದು ಕೊಂಬೆಯಿಂದ ಇನ್ನೊಂದಕ್ಕೆ ನೆಗೆಯುವಾಗ ಮರಿಯನ್ನು ಕೈಯಲ್ಲಿ ಹಿಡಿದಿರುವುದಿಲ್ಲ. ಮರಿಯೇ ತಾಯಿಯ ಹೊಟ್ಟೆಯ ಕೂದಲನ್ನು ನಾಲ್ಕೂ ಕೈಕಾಲಿನಿಂದ ಹಿಡಿದಿರುತ್ತದೆ. ಬಿಟ್ಟರೆ ಸಾವು. ನಮ್ಮ ತಾಯಂದಿರ ಮೈಯಲ್ಲಿ ಹಿಡಿಯುವಂಥ ಕೂದಲೂ ಇಲ್ಲ, ನಮ್ಮ ಮಗು ಕಾಲಿನಿಂದ ಏನನ್ನೂ ಹಿಡಿದು ನೇತಾಡಬೇಕಾಗಿಯೂ ಇಲ್ಲ.

ಬಾಲಮೂಳೆ ಮತ್ತು ಬಾಲ ಕಳೆದ ಜೀನ್

ಜಾರಿ ಕುಂಡಿಯ ಮೇಲೆ ಬಿದ್ದವರಿಗೆ ಬಾಲಮೂಳೆ ಎಲ್ಲಿದೆ ಅಂತ ಹೇಳಿಕೊಡಬೇಕಿಲ್ಲ. ಬೆನ್ನುಹುರಿಯ ಗೂಡಿನ ಕಟ್ಟಕಡೆಗೆ ಸಾಮಾನ್ಯವಾಗಿ ನಾಲ್ಕು, ಕೆಲವರಲ್ಲಿ ಮೂರು ಅಥವಾ ಐದು, ಚಿಕ್ಕ ಮಣಿಮೂಳೆಗಳು ಬೆಸೆದುಕೊಂಡು ಒಳಕ್ಕೆ ಬಾಗಿವೆ. ಬಾಲವಿರುವ ಪ್ರಾಣಿಗಳಲ್ಲಿ ಬಾಲ ಶುರುವಾಗುವುದು ಇದೇ ಜಾಗದಲ್ಲಿ.

ಗರ್ಭದಲ್ಲಿ ಸುಮಾರು ನಾಲ್ಕೈದು ವಾರದ ಭ್ರೂಣಕ್ಕೆ ನಿಜಕ್ಕೂ ಒಂದು ಬಾಲ ಇರುತ್ತದೆ. ಎಂಟನೇ ವಾರದ ಹೊತ್ತಿಗೆ ಅದರ ಜೀವಕೋಶಗಳು ಸತ್ತು, ಬಾಲ ಕರಗಿ ಒಳಸೇರುತ್ತದೆ. ಎಲ್ಲರಿಗೂ ಆಗುವುದು ಹೀಗೇ. ಈ ಲೇಖನ ಓದುತ್ತಿರುವ ನಿಮಗೂ ಆಗಿದೆ.

ಬಾಲಮೂಳೆಗೆ ಕೆಲಸ ಇಲ್ಲವಾ? ಇದೆ. ಕೂತಾಗ ಭಾರದ ಒಂದು ಪಾಲು ಹೊರುತ್ತದೆ. ಮಲಮೂತ್ರ ಹಿಡಿದಿಡುವ ತಳದ ಸ್ನಾಯುಗಳು ಇದಕ್ಕೆ ಅಂಟಿಕೊಂಡಿವೆ. ಆದರೆ ಸ್ನಾಯು ಅಂಟಲು ಒಂದೇ ಗಟ್ಟಿ ಮೂಳೆ ಸಾಕಿತ್ತು. ಬಿಡಿಬಿಡಿ ಬಾಲದ ಮಣಿಗಳಾಗಿ ಹುಟ್ಟಿ ಆಮೇಲೆ ಬೆಸೆದುಕೊಳ್ಳುವ ಸುತ್ತುದಾರಿ ಬೇಕಿರಲಿಲ್ಲ.

ಬಾಲ ಹೋದದ್ದು ಹೇಗೆ ಅನ್ನುವುದಕ್ಕೆ ಉತ್ತರದ ಒಂದು ದೊಡ್ಡ ತುಂಡು ಈಚೆಗೆ ಸಿಕ್ಕಿತು. ನ್ಯೂಯಾರ್ಕ್‌ನಲ್ಲಿ ಓದುತ್ತಿದ್ದ ಬೋ ಶಿಯಾ ಎಂಬ ಸಂಶೋಧನಾ ವಿದ್ಯಾರ್ಥಿಗೆ ಬಾಲಮೂಳೆಗೆ ಪೆಟ್ಟಾಯಿತು. ಆ ನೋವಿನಲ್ಲೇ, ನಮಗೆ ಬಾಲ ಯಾಕಿಲ್ಲ ಎಂಬ ಹಳೇ ಪ್ರಶ್ನೆ ಅವರನ್ನು ಮತ್ತೆ ಹಿಡಿದುಕೊಂಡಿತು. ಅವರ ತಂಡದ ಅಧ್ಯಯನ 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಬಾಲ ಬೆಳೆಯಲು ಬೇಕಾದ ಟಿಬಿಎಕ್ಸ್‌ಟಿ ಎಂಬ ಜೀನ್ ಇದೆ. ಸುಮಾರು 2.5 ಕೋಟಿ ವರ್ಷಗಳ ಹಿಂದೆ, ಅದರ ನಡುವೆ ಸುಮಾರು 300 ಅಕ್ಷರ ಉದ್ದದ ಒಂದು ಡಿಎನ್‌ಎ ತುಣುಕು ಬಂದು ಸೇರಿಕೊಂಡಿತು. ಇದರಿಂದ ಆ ಜೀನ್ ತಯಾರಿಸುವ ಪ್ರೋಟೀನಿನ ಒಂದು ಭಾಗ ಕೆಲವೊಮ್ಮೆ ಬಿಟ್ಟುಹೋಗುತ್ತದೆ. ಇಲಿಗಳಲ್ಲಿ ಅಂಥದೇ ಗಿಡ್ಡ ಪ್ರೋಟೀನ್ ತಯಾರಾಗುವ ಹಾಗೆ ಮಾಡಿದಾಗ ಮೋಟು ಬಾಲದ, ಬಾಲವೇ ಇಲ್ಲದ ಮರಿಗಳು ಹುಟ್ಟಿದವು.

ಆ ತುಣುಕು ಯಾರಲ್ಲಿದೆ ಗೊತ್ತಾ? ಗಿಬ್ಬನ್, ಒರಾಂಗುಟಾನ್, ಗೊರಿಲ್ಲಾ, ಚಿಂಪಾಂಜಿ, ಮನುಷ್ಯ, ಈ ಬಾಲವಿಲ್ಲದ ಗುಂಪಿನಲ್ಲಿ. ಬಾಲವಿರುವ ಮಂಗಗಳಲ್ಲಿ ಇಲ್ಲ. ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ, ಪಶ್ಚಿಮ ಘಟ್ಟದ ಸಿಂಗಳೀಕಕ್ಕೆ ಬಾಲ ಇದೆ, ಅಸ್ಸಾಮಿನ ಹೂಲಾಕ್ ಗಿಬ್ಬನ್‌ಗೆ ಇಲ್ಲ.

ಒಂದು ಎಚ್ಚರಿಕೆ. ‘ಬಾಲದೊಂದಿಗೆ ಹುಟ್ಟಿದ ಮಗು’ ಅಂತ ಆಗಾಗ ಸುದ್ದಿ ಬರುತ್ತದೆ. ಇದನ್ನೇ ವಿಕಾಸಕ್ಕೆ ಪುರಾವೆ ಅಂತ ಹಿಡಿದು ವಾದಿಸುವುದು ಸರಿಯಲ್ಲ. ಅಂಥ ತುಣುಕುಗಳಲ್ಲಿ ಸಾಮಾನ್ಯವಾಗಿ ಮೂಳೆ ಇರುವುದಿಲ್ಲ, ಬರೀ ಕೊಬ್ಬು ಮತ್ತು ಚರ್ಮ. ಕೆಲವು ಸಲ ಬೆನ್ನುಹುರಿಯ ತೊಂದರೆಯ ಹೊರಗುರುತೂ ಆಗಿರುತ್ತದೆ. ಆ ಮಗುವನ್ನು ಮೊದಲು ವೈದ್ಯರಿಗೆ ತೋರಿಸಬೇಕು.

ಅಪೆಂಡಿಕ್ಸ್: ಎಲ್ಲರಿಗೂ ಗೊತ್ತಿರುವ, ಆದರೆ ಅಷ್ಟು ಗಟ್ಟಿಯಲ್ಲದ ಉದಾಹರಣೆ

ಅವಶೇಷಾಂಗ ಅಂದರೆ ಮೊದಲು ಬಾಯಿಗೆ ಬರುವುದು ಅಪೆಂಡಿಕ್ಸ್. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಕಡೆ, ಹೊಟ್ಟೆಯ ಬಲ ಕೆಳಭಾಗದಲ್ಲಿ, ಕರುಳಿನ ಚೀಲವೊಂದಕ್ಕೆ ನೇತುಬಿದ್ದಿರುವ ಬೆರಳುದ್ದದ ಕೊಳವೆ. ಮೊಲ, ಕುದುರೆ, ಕೋಲಾಗಳಲ್ಲಿ ಆ ಚೀಲ ತುಂಬ ದೊಡ್ಡದು. ಎಲೆ, ಹುಲ್ಲು ಅಲ್ಲಿ ಕೊಳೆತು ಜೀರ್ಣವಾಗುತ್ತದೆ. ಹಣ್ಣು ಜಾಸ್ತಿ ತಿನ್ನತೊಡಗಿದ ಪೂರ್ವಜರಲ್ಲಿ ಆ ಚೀಲ ಕುಗ್ಗಿತು, ಅದರ ತುದಿಯೇ ಅಪೆಂಡಿಕ್ಸ್ ಆಗಿ ಉಳಿಯಿತು ಅಂತ ಡಾರ್ವಿನ್ ಭಾವಿಸಿದ್ದ.

ಈಗಿನ ತಿಳಿವಳಿಕೆ ಇಷ್ಟು ಸರಳವಾಗಿಲ್ಲ. ಅಪೆಂಡಿಕ್ಸ್ ಗೋಡೆಯಲ್ಲಿ ರೋಗನಿರೋಧಕ ಅಂಗಾಂಶ ತುಂಬಿದೆ. ಭೇದಿಯಾಗಿ ಕರುಳು ಖಾಲಿಯಾದಾಗ ಒಳ್ಳೆಯ ಬ್ಯಾಕ್ಟೀರಿಯಾಗಳು ಇಲ್ಲಿ ಅಡಗಿ ಉಳಿದು ಮತ್ತೆ ಕರುಳನ್ನು ತುಂಬುತ್ತವೆ ಎಂಬ ವಿಚಾರವನ್ನು 2007ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಮುಂದಿಟ್ಟರು. ಸ್ತನಿಗಳಲ್ಲಿ ಅಪೆಂಡಿಕ್ಸ್ ಒಂದೇ ಸಲ ಅಲ್ಲ, ಬೇರೆ ಬೇರೆ ಗುಂಪುಗಳಲ್ಲಿ ಸ್ವತಂತ್ರವಾಗಿ ಹಲವು ಸಲ ಹುಟ್ಟಿದೆ ಅಂತಲೂ ತಿಳಿದುಬಂದಿದೆ. ಹಾಗೆ ಮತ್ತೆ ಮತ್ತೆ ಹುಟ್ಟಿದ್ದು ಸುಮ್ನೆ ಉಳಿದದ್ದಾಗಿರಲಿಕ್ಕಿಲ್ಲ. ವಿಕಾಸಕ್ಕೆ ಪುರಾವೆ ಕೊಡಬೇಕಾದರೆ ನಾನು ಅಪೆಂಡಿಕ್ಸನ್ನು ಪಟ್ಟಿಯ ಕೊನೆಗೆ ಇಡುತ್ತೇನೆ. ಕಿವಿ, ಬಾಲ ಅದಕ್ಕಿಂತ ಗಟ್ಟಿ.

ಬುದ್ಧಿಹಲ್ಲಿನದೂ ಸ್ವಲ್ಪ ಹೀಗೇ. ಬೇಯಿಸಿದ ಮೆತ್ತನೆ ಊಟ ಬಂದಮೇಲೆ ದವಡೆ ಚಿಕ್ಕದಾಯಿತು, ಕೊನೆಯ ಹಲ್ಲಿಗೆ ಜಾಗ ಸಾಲದಾಯಿತು. ಕೆಲವರಿಗೆ ಅದು ಹುಟ್ಟುವುದೇ ಇಲ್ಲ. ಆದರೆ ದವಡೆ ಎಷ್ಟು ಬೆಳೆಯುತ್ತದೆ ಅನ್ನುವುದು ಬಾಲ್ಯದಲ್ಲಿ ಎಷ್ಟು ಅಗಿದಿದ್ದೇವೆ ಅನ್ನುವುದರ ಮೇಲೂ ನಿಂತಿದೆ. ಹಾಗಾಗಿ ಎಲ್ಲವನ್ನೂ ವಿಕಾಸದ ಲೆಕ್ಕಕ್ಕೆ ಬರೆಯಲಾಗದು.

ಇನ್ನು ಗಂಡಸರ ಮೊಲೆತೊಟ್ಟು. ಇದು ಅವಶೇಷಾಂಗ ಅಲ್ಲ. ಗಂಡು ಪೂರ್ವಜರು ಹಾಲುಣಿಸುತ್ತಿದ್ದರು ಅಂತ ಅರ್ಥವಲ್ಲ. ಭ್ರೂಣ ಗಂಡೋ ಹೆಣ್ಣೋ ಅಂತ ಮೈ ರೂಪುಗೊಳ್ಳುವ ಮೊದಲೇ ತೊಟ್ಟಿನ ಜಾಗ ಏರ್ಪಟ್ಟಿರುತ್ತದೆ, ಅಷ್ಟೇ.

ಪಟ್ಟಿ ಚಿಕ್ಕದಾಯಿತಲ್ಲ, ಹಾಗಾದರೆ ವಾದ ಬಿತ್ತಾ?

1893ರಲ್ಲಿ ರಾಬರ್ಟ್ ವೀಡರ್ಸ್‌ಹೈಮ್ ಎಂಬ ಜರ್ಮನ್ ಅಂಗರಚನಾ ತಜ್ಞ ಮನುಷ್ಯನ ಮೈಯಲ್ಲಿ ಮೂಲ ಕೆಲಸ ಕಳೆದುಕೊಂಡ 86 ಭಾಗಗಳ ಪಟ್ಟಿ ಮಾಡಿದ. ಅದರಲ್ಲಿ ಥೈಮಸ್ ಕೂಡ ಇತ್ತು. ಎದೆಗೂಡಿನ ಮೇಲ್ಭಾಗದ ಈ ಗ್ರಂಥಿ ರೋಗನಿರೋಧಕ ಶಕ್ತಿಗೆ ಎಷ್ಟು ಮುಖ್ಯ ಅನ್ನುವುದನ್ನು 1961ರಲ್ಲಿ ಜಾಕ್ ಮಿಲ್ಲರ್ ತೋರಿಸಿದರು. ಹೀಗೆ ಹಲವು ಹೆಸರುಗಳು ಪಟ್ಟಿಯಿಂದ ಬಿದ್ದುಹೋದವು. ‘ನೋಡಿ, ಅವಶೇಷಾಂಗದ ಕಥೆಯೇ ಸುಳ್ಳು’ ಅಂತ ವಾದಿಸುವವರು ಇದನ್ನೇ ಎತ್ತಿ ತೋರಿಸುತ್ತಾರೆ.

ಕೆಲವು ಹೆಸರು ತಪ್ಪಾಗಿದ್ದವು, ಅದು ನಿಜ. ಥೈಮಸ್ ಏನು ಮಾಡುತ್ತದೆ ಅಂತ ಗೊತ್ತಿಲ್ಲದೆ ಅದನ್ನು ಸೇರಿಸಿದ್ದರು. ಆದರೆ ಕಿವಿಯ ಸ್ನಾಯು, ಮೂರನೇ ರೆಪ್ಪೆ, ಬಾಲಮೂಳೆಗಳ ವಿಷಯ ಅಜ್ಞಾನದ ಮೇಲೆ ನಿಂತಿಲ್ಲ. ಅವು ಬೇರೆ ಪ್ರಾಣಿಗಳಲ್ಲಿ ಏನು ಮಾಡುತ್ತವೆ ಅಂತ ನಮಗೆ ಚೆನ್ನಾಗಿ ಗೊತ್ತು. ಅದಕ್ಕೇ ನಮ್ಮಲ್ಲಿ ಅವು ಏನನ್ನು ಕಳೆದುಕೊಂಡಿವೆ ಅಂತಲೂ ಹೇಳಬಹುದು.

ಬಳಸದಿದ್ದರೆ ಸವೆಯುತ್ತದೆಯೇ?

ಬಹಳ ಜನ ಹೀಗೇ ಅಂದುಕೊಂಡಿದ್ದಾರೆ. ಬಾಲ ಬಳಸಲಿಲ್ಲ, ಸವೆದುಹೋಯಿತು ಅಂತ. 1880ರ ದಶಕದಲ್ಲಿ ಆಗಸ್ಟ್ ವೈಸ್‌ಮನ್ ಎಂಬ ಜರ್ಮನ್ ವಿಜ್ಞಾನಿ ಇಲಿಗಳ ಬಾಲ ಕತ್ತರಿಸುತ್ತಾ ಹೋದ. ಐದು ತಲೆಮಾರುಗಳಲ್ಲಿ ಹುಟ್ಟಿದ 901 ಮರಿಗಳಲ್ಲಿ ಒಂದಕ್ಕೂ ಬಾಲ ಗಿಡ್ಡವಾಗಿರಲಿಲ್ಲ. ಬದುಕಿನಲ್ಲಿ ಮೈಗೆ ಆದದ್ದು ಹಾಗೇ ಮಕ್ಕಳಿಗೆ ಹೋಗುವುದಿಲ್ಲ. ಹೋಗುವುದು ಜೀನ್‌ಗಳು.

ಜೀನ್‌ಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ನಕಲಾಗುವಾಗ ಅಲ್ಲಿಲ್ಲಿ ತಪ್ಪುಗಳಾಗುತ್ತವೆ. ಬೆಕ್ಕಿನ ಕಿವಿ ಕೆಡಿಸುವ ತಪ್ಪು ಆದರೆ ಆ ಬೆಕ್ಕಿಗೆ ಇಲಿ ಸಿಗುವುದು ಕಷ್ಟ, ಮರಿಗಳೂ ಕಮ್ಮಿ. ತಪ್ಪು ಅಲ್ಲೇ ಅಳಿಯುತ್ತದೆ. ಕತ್ತು ತಿರುಗಿಸಿ ನೋಡುವ, ಗುಂಪಿನಲ್ಲಿ ಬದುಕುವ ಪ್ರಾಣಿಗೆ ಅದೇ ತಪ್ಪಾದರೆ ದೊಡ್ಡ ನಷ್ಟ ಇಲ್ಲ. ತಪ್ಪು ಉಳಿಯುತ್ತದೆ, ಅದರ ಮೇಲೆ ಇನ್ನೊಂದು ಸೇರುತ್ತದೆ. ಲಕ್ಷಾಂತರ ವರ್ಷದಲ್ಲಿ ಅಂಗ ಕುಗ್ಗುತ್ತದೆ. ಪೂರ್ತಿ ಯಾಕೆ ಹೋಗುವುದಿಲ್ಲ? ಇದ್ದರೆ ಹಾನಿ ಇಲ್ಲದಿದ್ದಾಗ ತೆಗೆದುಹಾಕುವ ಒತ್ತಡವೂ ಇರುವುದಿಲ್ಲ.

‘ಹಾಗಾದರೆ ಮಂಗಗಳು ಇನ್ನೂ ಯಾಕೆ ಮಂಗಗಳಾಗೇ ಇವೆ?’ ಈಗಿನ ಮಂಗ, ಚಿಂಪಾಂಜಿ ನಮ್ಮ ಅಜ್ಜ ಅಲ್ಲ, ದಾಯಾದಿ. ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಒಂದೇ ಪೂರ್ವಜರಿಂದ ಚಿಂಪಾಂಜಿಯ ಕವಲೂ ನಮ್ಮ ಕವಲೂ ಬೇರೆಯಾದವು. ಎರಡೂ ತಮ್ಮ ತಮ್ಮ ದಾರಿಯಲ್ಲಿ ಬದಲಾಗುತ್ತಾ ಬಂದಿವೆ.

ಆಡಿಗೆ ಬೇಡದ ನೆಲ್ಲಿಕಾಯಿ

ಅಂಗಗಳ ಬಗ್ಗೆ ವಾದಿಸಬಹುದು. ಡಿಎನ್‌ಎಯಲ್ಲಿ ಉಳಿದ ಮುರುಕಲು ಜೀನ್‌ಗಳ ಬಗ್ಗೆ ವಾದಿಸುವುದು ಕಷ್ಟ.

ಆಡು, ದನ, ನಾಯಿ, ಬೆಕ್ಕು ವಿಟಮಿನ್ ಸಿಯನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ನಮಗೆ ಮಾತ್ರ ನೆಲ್ಲಿಕಾಯಿ, ಸೀಬೆಹಣ್ಣು, ನಿಂಬೆಹಣ್ಣು ಬೇಕು. ಇಲ್ಲದಿದ್ದರೆ ವಸಡಿನಲ್ಲಿ ರಕ್ತ ಬರುವ ಸ್ಕರ್ವಿ ರೋಗ. ಹಳೇ ಕಾಲದಲ್ಲಿ ದೂರ ಹೋಗುವ ಹಡಗುಗಳಲ್ಲಿ ನಾವಿಕರು ಇದರಿಂದಲೇ ಸಾಯುತ್ತಿದ್ದರು.

ವಿಟಮಿನ್ ಸಿ ತಯಾರಿಸುವ ಕೊನೆಯ ಹಂತಕ್ಕೆ ಗುಲೋ ಎಂಬ ಜೀನ್ ಬೇಕು. ಅದು ನಮ್ಮಲ್ಲಿ ಇಲ್ಲ ಅಂತಲ್ಲ, ಇದೆ. ಆದರೆ ತುಂಡುತುಂಡಾಗಿದೆ. ಕೆಲವು ಭಾಗ ಕಳೆದುಹೋಗಿವೆ, ಉಳಿದವು ಓದಲಾಗದಷ್ಟು ಕೆಟ್ಟಿವೆ. ಚಿಂಪಾಂಜಿ, ಒರಾಂಗುಟಾನ್, ಮಂಗಗಳಲ್ಲೂ ಇದೇ ಜೀನ್ ಕೆಟ್ಟಿದೆ. ನಮ್ಮ ತುಮಕೂರು ಕಡೆಯ ಕಾಡುಪಾಪ ಸೇರಿರುವ ಗುಂಪು ಇನ್ನೂ ಹಳೆಯ ಕವಲು. ಆ ಗುಂಪಿನ ಪ್ರಾಣಿಗಳಲ್ಲಿ ಜೀನ್ ಕೆಲಸ ಮಾಡುತ್ತದೆ. ಅಂದರೆ ಆ ಕವಲು ಬೇರೆಯಾದ ಮೇಲೆ, ಮಂಗಗಳು ಮತ್ತು ನಮ್ಮ ಸಮಾನ ಪೂರ್ವಜರಲ್ಲಿ ಜೀನ್ ಕೆಟ್ಟಿತು. ಹಣ್ಣು ತಿನ್ನುವ ಪ್ರಾಣಿಯಾದ್ದರಿಂದ ಯಾರಿಗೂ ಪ್ರಾಣಾಪಾಯ ಆಗಲಿಲ್ಲ.

ಗಿನಿಪಿಗ್‌ಗೂ ವಿಟಮಿನ್ ಸಿ ತಯಾರಿಸಲು ಬರುವುದಿಲ್ಲ. ಅದರ ಜೀನ್ ಕೂಡ ಕೆಟ್ಟಿದೆ, ಆದರೆ ಕೆಟ್ಟ ರೀತಿ ಬೇರೆ. ಕಳೆದುಹೋದ ಭಾಗಗಳು ನಮ್ಮದಕ್ಕೆ ಹೊಂದುವುದಿಲ್ಲ. ಅದು ಬೇರೆ ಕಾಲದಲ್ಲಿ, ಬೇರೆ ಕವಲಿನಲ್ಲಿ, ತಾನಾಗಿ ಆದ ನಷ್ಟ.

ಮೊದಲ ಸ್ಕ್ಯಾನ್‌ನಲ್ಲಿ ಕಾಣುವ ಚೀಲ

ಗರ್ಭ ನಿಂತ ಐದಾರು ವಾರಕ್ಕೆ ಮಾಡಿಸುವ ಮೊದಲ ಸ್ಕ್ಯಾನ್ ರಿಪೋರ್ಟ್ ಮನೆಯಲ್ಲಿದ್ದರೆ ತೆಗೆದು ನೋಡಿ. ‘ಯೋಕ್ ಸ್ಯಾಕ್ ಕಾಣುತ್ತಿದೆ’ ಎಂಬ ಅರ್ಥದ ಒಂದು ಸಾಲು ಇರುತ್ತದೆ. ಯೋಕ್ ಅಂದರೆ ಮೊಟ್ಟೆಯ ಹಳದಿ ಭಂಡಾರ. ಸ್ಕ್ಯಾನ್ ಚಿತ್ರದಲ್ಲಿ ಅದು ಒಂದು ಪುಟ್ಟ ಬಿಳಿ ಉಂಗುರ.

ಕೋಳಿಮರಿ ಮೊಟ್ಟೆಯೊಳಗೆ 21 ದಿನ ಬದುಕುವುದು ಈ ಹಳದಿಯನ್ನು ತಿಂದು. ಹಳದಿಯನ್ನು ಸುತ್ತುವರಿದ ಚೀಲ ಮರಿಯ ಹೊಟ್ಟೆಗೆ ಅಂಟಿಕೊಂಡಿರುತ್ತದೆ. ನಮ್ಮ ಭ್ರೂಣಕ್ಕೂ ಅದೇ ಜಾಗದಲ್ಲಿ ಅದೇ ಚೀಲ ಬೆಳೆಯುತ್ತದೆ. ಒಳಗೆ ಹಳದಿ ಮಾತ್ರ ಇಲ್ಲ, ನೀರಿನಂಥ ದ್ರವ ಇದೆ. ಆಹಾರ ತಾಯಿಯ ರಕ್ತದಿಂದ ಬರುತ್ತದೆ. ಚೀಲ ನಿರುಪಯೋಗಿಯೂ ಅಲ್ಲ, ಮಗುವಿನ ಮೊಟ್ಟಮೊದಲ ರಕ್ತಕಣಗಳು ಹುಟ್ಟುವುದು ಇಲ್ಲೇ. ಮೂರು ತಿಂಗಳು ತುಂಬುವ ಹೊತ್ತಿಗೆ ಅದು ಕುಗ್ಗಿ ಮಾಯವಾಗುತ್ತದೆ.

ನಮ್ಮ ಬಹುದೂರದ ಪೂರ್ವಜರು ಮೊಟ್ಟೆ ಇಡುತ್ತಿದ್ದರು ಅನ್ನುವುದು ನಿಜವಾದರೆ, ಹಳದಿ ತಯಾರಿಸುವ ಜೀನ್‌ಗಳ ಚೂರುಗಳೂ ನಮ್ಮಲ್ಲಿ ಎಲ್ಲೋ ಬಿದ್ದಿರಬೇಕು. ಎಲ್ಲಿ ಹುಡುಕುವುದು? 2008ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಕೋಳಿಯ ಡಿಎನ್‌ಎಯನ್ನು ಮುಂದಿಟ್ಟುಕೊಂಡರು. ಕೋಳಿಯಲ್ಲಿ ಅಂಥ ಮೂರು ಜೀನ್‌ಗಳಿವೆ. ಅವುಗಳ ಅಕ್ಕಪಕ್ಕ ಯಾವ ಜೀನ್‌ಗಳಿವೆ ಅಂತ ಗುರುತಿಸಿ, ಮನುಷ್ಯರಲ್ಲಿ ಅದೇ ಅಕ್ಕಪಕ್ಕದ ಜೀನ್‌ಗಳು ಇರುವ ಜಾಗಕ್ಕೆ ಹೋಗಿ ನೋಡಿದರು. ಹಳದಿಯ ಜೀನ್‌ನ ಕೆಟ್ಟುಹೋದ ಚೂರುಗಳು ಅಲ್ಲಿ ಸಿಕ್ಕವು. ಮೊಟ್ಟೆಯನ್ನೂ ಇಟ್ಟು ಮರಿಗೆ ಹಾಲನ್ನೂ ಉಣಿಸುವ ಆಸ್ಟ್ರೇಲಿಯಾದ ಪ್ಲಾಟಿಪಸ್‌ನಲ್ಲಿ ಅಂಥ ಒಂದು ಜೀನ್ ಈಗಲೂ ಕೆಲಸ ಮಾಡುತ್ತಿದೆ.